ಕಣ್ಣು ನಿರ್ಮಲ, ನೋಟ ಮಸುಕು

ಮನೆಯಲ್ಲಿ ಯಾರಾದರೂ ಕಣ್ಣು ಸರಿಯಾಗಿ ಕಾಣುತ್ತಿಲ್ಲವೆಂದರೆ ನಾವು ಮೊದಲು ಅವರ ಕಣ್ಣನ್ನೇ ನೋಡುತ್ತೇವೆ. ಕೆಂಪಾಗಿದೆಯೇ, ಪೊರೆ ಬಂದಿದೆಯೇ, ನೀರು ಸುರಿಯುತ್ತಿದೆಯೇ ಎಂದು ರೆಪ್ಪೆ ಬಿಡಿಸಿ ಪರೀಕ್ಷಿಸುತ್ತೇವೆ. ಇವಾವುವೂ ಇಲ್ಲದಿದ್ದರೆ ‘ಕಣ್ಣು ಚೆನ್ನಾಗಿಯೇ ಇದೆಯಲ್ಲ’ ಎಂದು ಮಾತು ಮುಗಿಸುತ್ತೇವೆ. ಆದರೆ ಕಣ್ಣು ನಿರ್ಮಲವಾಗಿದ್ದೂ ನೋಟ ಕೆಡುವ ಒಂದು ವ್ಯಾಧಿಯುಂಟು. ಅದರ ಹೆಸರು ಮಲ್ಟಿಪಲ್ ಸ್ಕ್ಲಿರೋಸಿಸ್. ವೈದ್ಯರ ಬಾಯಲ್ಲಿ ಸಂಕ್ಷಿಪ್ತವಾಗಿ ಎಂ.ಎಸ್. ಬಹುಮಟ್ಟಿಗೆ 20ರಿಂದ 40 ವರ್ಷದೊಳಗೆ, ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚಾಗಿ ತಲೆದೋರುವ ಈ ವ್ಯಾಧಿ ನಮ್ಮ ದೇಶದಲ್ಲಿ ಯೂರೋಪಿನಷ್ಟು ವ್ಯಾಪಕವಲ್ಲ. ವ್ಯಾಪಕವಲ್ಲದ್ದರಿಂದಲೇ ಅದನ್ನು ಗುರುತಿಸುವವರೂ ಕಡಿಮೆ. ಈ ರೋಗಿಗಳಿಗೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಅನ್ಯಾಯವಾಗುತ್ತಿದೆ ಎಂಬುದು ನಮ್ಮ ಅಭಿಪ್ರಾಯ. ಅವರು ‘ಕಾಣುತ್ತಿಲ್ಲ’ ಎಂದಾಗ ನಾವು ನಂಬುವುದಿಲ್ಲ. ‘ಈಗ ಕಾಣುತ್ತಿದೆ’ ಎಂದಾಗ ಅತಿಯಾಗಿ ನಂಬಿಬಿಡುತ್ತೇವೆ.

ನೋಡುವ ಕ್ರಿಯೆ ಕಣ್ಣುಗುಡ್ಡೆಯಲ್ಲಿ ಮುಗಿಯುವುದಿಲ್ಲ. ಕಣ್ಣಿನ ಹಿಂಭಾಗದಿಂದ ಮಿದುಳಿನತ್ತ ಹೊರಡುವ ದೃಷ್ಟಿನರದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಸೂಕ್ಷ್ಮ ಎಳೆಗಳಿವೆ. ವಿದ್ಯುತ್ ತಂತಿಗೆ ಮೇಲ್ಹೊದಿಕೆ ಇರುವಂತೆ ಈ ಎಳೆಗಳಿಗೂ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆಯಿದೆ. ಎಂ.ಎಸ್. ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ ಮತ್ತು ದೃಷ್ಟಿನರಗಳ ಈ ಹೊದಿಕೆಯ ಮೇಲೆ ಎರಗುತ್ತದೆ. ಹೊದಿಕೆ ಹರಿದಲ್ಲಿ ಸಂದೇಶ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಬೆಳಕನ್ನು ಹಿಡಿಯುವ ಕಣ್ಣು ಚೆನ್ನಾಗಿಯೇ ಇರುತ್ತದೆ. ಹಿಡಿದ ಬೆಳಕಿನ ವಾರ್ತೆ ಮಿದುಳನ್ನು ತಲುಪುವುದಿಲ್ಲ. ಇಂಥಲ್ಲಿ ಕನ್ನಡಕವನ್ನು ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ.

ದೃಷ್ಟಿನರದ ಈ ಉರಿಯೂತಕ್ಕೆ ಆಪ್ಟಿಕ್ ನ್ಯೂರೈಟಿಸ್ ಎಂದು ಹೆಸರು. ಅನೇಕರಲ್ಲಿ ಎಂ.ಎಸ್. ರೋಗದ ಮೊದಲ ಸೂಚನೆಯೇ ಇದು. ಸಾಮಾನ್ಯವಾಗಿ ಒಂದೇ ಕಣ್ಣಿನಲ್ಲಿ, ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ, ನೋಟ ಮಸುಕಾಗುತ್ತದೆ. ನಟ್ಟನಡುವೆ ಹೊಗೆಯ ಮಚ್ಚೆಯೊಂದು ಕುಳಿತಂತೆ ತೋರಬಹುದು. ಕಣ್ಣನ್ನು ಅತ್ತಿತ್ತ ಹೊರಳಿಸಿದರೆ ಒಳಗಿನಿಂದ ನೋವು. ಬಣ್ಣಗಳು, ಅದರಲ್ಲೂ ಕೆಂಪು, ಒಗೆದು ಒಗೆದು ಮಾಸಿದ ಬಟ್ಟೆಯಂತೆ ಕಾಣುತ್ತವೆ. ಇದನ್ನು ಮನೆಯಲ್ಲಿಯೇ ಗಮನಿಸಬಹುದು: ಒಂದು ಕೆಂಪು ವಸ್ತುವನ್ನು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದಾಗ ಎರಡು ಕಣ್ಣಿಗೆ ಎರಡು ಬಗೆಯ ಕೆಂಪು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಅಲ್ಲಿಯೂ ಒಂದು ತೊಡಕಿದೆ. ಉರಿಯೂತ ಕಣ್ಣುಗುಡ್ಡೆಯಿಂದ ಹಿಂದಕ್ಕೆ, ನರದ ಒಳಭಾಗದಲ್ಲಿದ್ದರೆ ಉಪಕರಣವಿಟ್ಟು ನೋಡುವ ವೈದ್ಯರಿಗೂ ಕಣ್ಣಿನ ಹಿನ್ನೆಲೆ ಸಹಜವಾಗಿಯೇ ಕಾಣುತ್ತದೆ. ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳ ಸ್ಥಿತಿ ಹೀಗೆಯೇ. ‘ರೋಗಿಗೂ ಏನೂ ಕಾಣದು, ವೈದ್ಯರಿಗೂ ಏನೂ ಕಾಣದು’ ಎಂಬ ಮಾತು ನೇತ್ರವೈದ್ಯರಲ್ಲಿ ಬಳಕೆಗೆ ಬಂದದ್ದು ಈ ಕಾರಣದಿಂದ. ಆದರೆ ದೊಡ್ಡ ಯಂತ್ರವಿಲ್ಲದೆಯೂ ಸುಳಿವು ಸಿಗುತ್ತದೆ. ಕತ್ತಲೆಯ ಕೋಣೆಯಲ್ಲಿ ಸಾಧಾರಣ ಟಾರ್ಚಿನ ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಸರಿಸುತ್ತಾ ಹೋದರೆ, ನರ ಕೆಟ್ಟ ಕಣ್ಣಿನ ಮೇಲೆ ಬೆಳಕು ಬಿದ್ದಾಗ ಪಾಪೆ ಕಿರಿದಾಗುವ ಬದಲು ಹಿಗ್ಗುತ್ತದೆ. ಪಾಪೆಗೆ ನಟಿಸಲು ಬಾರದು. ತಾಲ್ಲೂಕು ಆಸ್ಪತ್ರೆಯಲ್ಲಿಯೂ ಎರಡು ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆಯನ್ನು ಮಾಡದೆ ಯಾರನ್ನೂ ‘ಮನಸ್ಸಿನ ತೊಂದರೆ’ ಎಂದು ಹಿಂದಕ್ಕೆ ಕಳುಹಿಸಬಾರದೆಂದು ನಾವು ಒತ್ತಿ ಹೇಳುತ್ತೇವೆ.

ಇನ್ನು ಎರಡನೆಯ ಅನ್ಯಾಯದ ಮಾತು. ಅದನ್ನು ತಿಳಿಯಲು ಇನ್ನೂರು ವರ್ಷ ಹಿಂದಿನ ಒಂದು ದಿನಚರಿ ನೆರವಾಗುತ್ತದೆ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಮೊಮ್ಮಗ ಅಗಸ್ಟಸ್ ಡೆಸ್ಟೆ 1794ರಲ್ಲಿ ಹುಟ್ಟಿದವನು. 1822ರ ಡಿಸೆಂಬರಿನಲ್ಲಿ ತನಗೆ ಬಹಳ ಬೇಕಾಗಿದ್ದ ಬಂಧುವೊಬ್ಬರನ್ನು ಕಾಣಲು ಸ್ಕಾಟ್ಲೆಂಡಿಗೆ ಹೋದ. ಅವನು ತಲುಪುವಷ್ಟರಲ್ಲಿ ಬಂಧು ತೀರಿಕೊಂಡಿದ್ದರು. ಅಂತ್ಯಕ್ರಿಯೆಯಾದ ಸ್ವಲ್ಪ ಕಾಲದಲ್ಲಿಯೇ ಸಣ್ಣ ವಸ್ತುಗಳ ಮೇಲೆ ಅವನ ದೃಷ್ಟಿ ನಿಲ್ಲದಾಯಿತು. ಬಂದ ಪತ್ರಗಳನ್ನು ಇತರರು ಓದಿ ಹೇಳಬೇಕಾಯಿತು, ಉತ್ತರವನ್ನೂ ಅವರೇ ಬರೆಯಬೇಕಾಯಿತು. ಕೆಲವು ಕಾಲದ ಮೇಲೆ, ಕಣ್ಣಿಗೆ ಯಾವ ಉಪಚಾರವನ್ನೂ ಮಾಡದೆಯೇ, ನೋಟ ಪೂರ್ತಿ ಮರಳಿತೆಂದು ಅವನು ಬರೆದಿಟ್ಟಿದ್ದಾನೆ. 1827ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿದ್ದಾಗ ವಸ್ತುಗಳೆಲ್ಲ ಎರಡೆರಡಾಗಿ ಕಂಡವು. ಆಮೇಲೆ ಕಾಲಿನ ಬಲ ಕುಂದಿತು. ಬಾಳಿನ ಕೊನೆಯ ವರ್ಷಗಳಲ್ಲಿ ಗಾಲಿಕುರ್ಚಿಯೇ ಗತಿಯಾಗಿ 1848ರಲ್ಲಿ ಅವನು ತೀರಿಕೊಂಡ. ಫ್ರಾನ್ಸಿನ ವೈದ್ಯ ಷಾರ್ಕೊ ಈ ವ್ಯಾಧಿಯನ್ನು ಸ್ಪಷ್ಟವಾಗಿ ನಿರೂಪಿಸಿದ್ದು 1868ರಲ್ಲಿ. ತನಗೆ ಬಂದದ್ದು ಏನೆಂದು ಡೆಸ್ಟೆಗೆ ತಿಳಿಯಲೇ ಇಲ್ಲ.

ಆ ದಿನಚರಿಯಲ್ಲಿ ‘ಉಪಚಾರವಿಲ್ಲದೆಯೇ ವಾಸಿಯಾಯಿತು’ ಎಂಬ ಸಾಲಿಗೆ ಬಹಳ ಬೆಲೆಯಿದೆ. ಎಂ.ಎಸ್. ರೋಗದಿಂದಾದ ದೃಷ್ಟಿನರದ ಉರಿಯೂತ ಹೆಚ್ಚಿನವರಲ್ಲಿ ಎರಡು ಮೂರು ವಾರಗಳಲ್ಲಿ ತಾನಾಗಿಯೇ ಇಳಿಯತೊಡಗುತ್ತದೆ. ಆ ಅವಧಿಯಲ್ಲಿ ರೋಗಿ ಏನು ಮಾಡಿದ್ದರೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಅಂಗಡಿಯಿಂದ ತಂದ ಕಣ್ಣಿನ ಹನಿ, ಯಾರೋ ಹಿಂಡಿದ ಸೊಪ್ಪಿನ ರಸ, ದೃಷ್ಟಿ ತೆಗೆದದ್ದು, ಹರಕೆ ಹೊತ್ತದ್ದು, ಹೊಸ ಕನ್ನಡಕ, ಎಲ್ಲವೂ ಗುಣ ಕೊಟ್ಟಂತೆಯೇ ತೋರುತ್ತವೆ. ಹರಕೆಯಿಂದ ಮನಸ್ಸಿಗೆ ಬರುವ ಧೈರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನೋಟ ಮರಳಿತೆಂದು ಪರೀಕ್ಷೆಯನ್ನೇ ಕೈಬಿಟ್ಟರೆ ರೋಗ ಸದ್ದಿಲ್ಲದೆ ಮಿದುಳಿನ ಬೇರೊಂದು ಮೂಲೆಯಲ್ಲಿ ಕೆಲಸ ಮಾಡುತ್ತಿರುತ್ತದೆ. ವರ್ಷಗಳ ನಂತರ ಕಾಲು ಜೋಮು ಹಿಡಿದಾಗ ಆ ಹಳೆಯ ಮಸುಕನ್ನು ಯಾರೂ ನೆನೆಯುವುದಿಲ್ಲ, ವೈದ್ಯರೂ ಕೇಳುವುದಿಲ್ಲ.

ಈ ಬಗ್ಗೆ ಅಮೆರಿಕದಲ್ಲಿ 450ಕ್ಕೂ ಹೆಚ್ಚು ರೋಗಿಗಳ ಮೇಲೆ ದೊಡ್ಡ ಅಧ್ಯಯನವೊಂದು ನಡೆದು, ಅದರ ಮುಖ್ಯ ಫಲಿತಾಂಶ 1992ರಲ್ಲಿ ಹೊರಬಂತು. ರಕ್ತನಾಳದ ಮೂಲಕ ಮೂರು ದಿನ ಕೊಡುವ ಸ್ಟೀರಾಯ್ಡ್ ನೋಟವನ್ನು ಬೇಗ ಮರಳಿಸುತ್ತದೆ. ಆದರೆ ಕೊನೆಗೆ ಎಷ್ಟು ನೋಟ ಉಳಿಯುತ್ತದೆಂಬುದನ್ನು ಬದಲಿಸುವುದಿಲ್ಲ. ಅಂದಿನ ಸಾಮಾನ್ಯ ಪ್ರಮಾಣದ ಸ್ಟೀರಾಯ್ಡ್ ಗುಳಿಗೆಯನ್ನಷ್ಟೇ ನುಂಗಿದವರಲ್ಲಿ ಉರಿಯೂತ ಮರುಕಳಿಸುವುದು ಹೆಚ್ಚಾಯಿತು. ಹಳೆಯ ಚೀಟಿ ತೋರಿಸಿ ಔಷಧದಂಗಡಿಯಿಂದ ಸ್ಟೀರಾಯ್ಡ್ ತಂದು ನುಂಗುವ ಅಭ್ಯಾಸ ಎಷ್ಟು ಅಪಾಯಕರವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ರೋಗಿಗಳನ್ನು 15 ವರ್ಷ ಹಿಂಬಾಲಿಸಿದಾಗ ಅರ್ಧದಷ್ಟು ಜನರಿಗೆ ಎಂ.ಎಸ್. ಬಂದಿತ್ತು. ಮೊದಲ ಎಂ.ಆರ್.ಐ. ಚಿತ್ರದಲ್ಲಿ ಮಿದುಳಿನಲ್ಲಿ ಯಾವ ಮಚ್ಚೆಯೂ ಇಲ್ಲದವರಲ್ಲಿ ಈ ಪ್ರಮಾಣ ಶೇ. 25, ಒಂದಾದರೂ ಮಚ್ಚೆ ಇದ್ದವರಲ್ಲಿ ಶೇ. 72. ಕಣ್ಣು ತಿಳಿಯಾದ ಮೇಲೂ ಮಿದುಳಿನ ಚಿತ್ರ ತೆಗೆಸಿ ನರರೋಗ ತಜ್ಞರನ್ನು ಕಾಣಬೇಕೆನ್ನುವುದಕ್ಕೆ ಇದೇ ಆಧಾರ. ರೋಗದ ದಾಳಿಗಳನ್ನು ತಗ್ಗಿಸುವ ಔಷಧಗಳು ಇಂದು ಹಲವಿವೆ, ಬೇಗ ಆರಂಭಿಸಿದಷ್ಟೂ ಲಾಭ.

ಇನ್ನೊಂದು ಎಚ್ಚರವೂ ಬೇಕು. ಎಂ.ಎಸ್. ರೋಗವನ್ನೇ ಹೋಲುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ವ್ಯಾಧಿಯಿದೆ. ಅದು ದೃಷ್ಟಿನರವನ್ನು ಹೆಚ್ಚು ಕ್ರೂರವಾಗಿ ಹೊಡೆಯುತ್ತದೆ, ಹೋದ ನೋಟ ಮರಳುವುದೂ ಅಪರೂಪ. ಅದನ್ನು ಪತ್ತೆಹಚ್ಚುವ ರಕ್ತದ ಗುರುತು 2004ರಲ್ಲಿ ತಿಳಿದುಬಂದಿತು. ಎಂ.ಎಸ್.ಗೆ ಕೊಡುವ ಕೆಲವು ಔಷಧಗಳು ಆ ವ್ಯಾಧಿಯನ್ನು ಉಲ್ಬಣಗೊಳಿಸುವುದರಿಂದ ವೈದ್ಯರು ಈ ರಕ್ತಪರೀಕ್ಷೆ ಹೇಳಿದರೆ ಖರ್ಚೆಂದು ಹಿಂಜರಿಯಬಾರದು.

ನೋಟ ‘ಮರಳಿದ’ ಮೇಲಿನ ಬದುಕು ಹೇಗಿರುತ್ತದೆ? ನೇತ್ರಾಲಯಗಳ ಗೋಡೆಯ ಮೇಲಿನ ಅಕ್ಷರ ಫಲಕವನ್ನು ಡಚ್ ವೈದ್ಯ ಸ್ನೆಲೆನ್ ರೂಪಿಸಿದ್ದು 1862ರಲ್ಲಿ. ಬಿಳಿಯ ಮೇಲೆ ಅಚ್ಚ ಕಪ್ಪು ಅಕ್ಷರ. ಎಂ.ಎಸ್. ರೋಗಿ ಅದರ ಕೊನೆಯ ಸಾಲಿನವರೆಗೂ ಓದಿಬಿಡಬಹುದು. ಆದರೆ ಮನೆಯಾಗಲಿ ಬೀದಿಯಾಗಲಿ ಅಚ್ಚ ಕಪ್ಪು ಬಿಳುಪಿನಲ್ಲಿ ಇರುವುದಿಲ್ಲ. ಬೂದು ಬಣ್ಣದ ಮೆಟ್ಟಿಲ ಅಂಚು, ಮುಸ್ಸಂಜೆಯ ರಸ್ತೆಯ ಹೊಂಡ, ಬಿಳಿ ತಟ್ಟೆಯಲ್ಲಿನ ಅನ್ನದೊಳಗಿನ ಕಲ್ಲು, ಇವು ಅವರಿಗೆ ಕಾಣುವುದಿಲ್ಲ. ಮಸುಕು ಅಕ್ಷರಗಳ ಫಲಕದಿಂದ ಪರೀಕ್ಷಿಸಿದರೆ ಮಾತ್ರ ಈ ಕೊರತೆ ಬಯಲಾಗುತ್ತದೆ. ಒಂದು ಕಣ್ಣಿನ ಸಂದೇಶ ಇನ್ನೊಂದಕ್ಕಿಂತ ತಡವಾಗಿ ಮಿದುಳನ್ನು ಮುಟ್ಟುವುದರಿಂದ ಚಲಿಸುವ ವಾಹನದ ದೂರವೂ ಅಂದಾಜಿಗೆ ತಪ್ಪುತ್ತದೆ. ಕಣ್ಣುಗಳ ಚಲನೆಯನ್ನು ಹೊಂದಿಸುವ ಮಿದುಳಿನ ಭಾಗಕ್ಕೆ ಪೆಟ್ಟಾದರೆ ಎರಡೆರಡು ಬಿಂಬ. ಕಣ್ಣುಗುಡ್ಡೆ ಅದುರತೊಡಗಿದರೆ ನಿಂತ ಜಗತ್ತೇ ತೂಗಾಡಿದಂತೆ. ಇಷ್ಟೆಲ್ಲ ಇದ್ದೂ ನೋಡುವವರಿಗೆ ಕಣ್ಣು ಚೆನ್ನಾಗಿಯೇ ಇರುತ್ತದೆ!

ಇದಕ್ಕೆ ಬೇಗೆಯೂ ಕೂಡಿಕೊಳ್ಳುತ್ತದೆ. ಜರ್ಮನಿಯ ನೇತ್ರವೈದ್ಯ ಉಟ್ಹಾಫ್ ಎಂಬುವರು ಮೈ ದಣಿದಾಗ ಈ ರೋಗಿಗಳ ನೋಟ ತಾತ್ಕಾಲಿಕವಾಗಿ ಮಂಕಾಗುವುದನ್ನು 1890ರಲ್ಲಿ ದಾಖಲಿಸಿದರು. ಮೈಯ ಶಾಖ ಏರುವುದೇ ಅದಕ್ಕೆ ಕಾರಣವೆಂದು ನಂತರ ತಿಳಿಯಿತು. ಹೊದಿಕೆ ಹರಿದ ನರಕ್ಕೆ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿಕೆಯೂ ಭಾರವೇ. ಎಂ.ಆರ್.ಐ. ಬರುವ ಮೊದಲು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣಗಳು ಹೆಚ್ಚುತ್ತವೆಯೇ ಎಂದು ನೋಡಿ ರೋಗವನ್ನು ಊಹಿಸುವ ಪದ್ಧತಿಯೇ ಇತ್ತು. ನಮ್ಮ ಕಲಬುರಗಿ, ರಾಯಚೂರು ಸೀಮೆಯ ಬೇಸಿಗೆಯಲ್ಲಿ ಒಲೆಯ ಮುಂದೆ ಕುಳಿತು ಮನೆಮಂದಿಗೆಲ್ಲ ರೊಟ್ಟಿ ಬಡಿಯುವ ಸೊಸೆ ಆ ಪರೀಕ್ಷೆಗೆ ನಿತ್ಯವೂ ಒಳಗಾಗುತ್ತಾಳೆ. ಬೆಳಿಗ್ಗೆ ಸೂಜಿಗೆ ದಾರ ಪೋಣಿಸಿದವಳು ಮಧ್ಯಾಹ್ನ ‘ಹಂಚು ಕಾಣವಲ್ದು’ ಎಂದರೆ ಅತ್ತೆಗೆ ಅದು ನೆವವಾಗಿ ಕೇಳಿಸುತ್ತದೆ. ನೆವವಲ್ಲ. ನೆರಳಿನಲ್ಲಿ ಕುಳಿತು, ತಣ್ಣೀರು ಕುಡಿದು, ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡರೆ ಸ್ವಲ್ಪ ಹೊತ್ತಿನಲ್ಲಿ ನೋಟ ಮೊದಲಿನಂತಾಗುತ್ತದೆ. ಹೀಗೆ ಬಂದು ಹೋಗುವ ಮಂಕಿನಿಂದ ನರಕ್ಕೆ ಹೊಸ ಹಾನಿಯಿಲ್ಲ, ಹೆದರಬೇಕಾಗಿಲ್ಲ. ಜ್ವರವಿಲ್ಲದೆಯೂ 24 ಗಂಟೆ ಮೀರಿ ಉಳಿದರೆ ಮಾತ್ರ ಅದು ಹೊಸ ದಾಳಿಯಿರಬಹುದು, ಆಗ ವೈದ್ಯರಿಗೆ ತಿಳಿಸಬೇಕು. ಯುಗಾದಿ, ದೀಪಾವಳಿಗಳ ಎಣ್ಣೆಸ್ನಾನವನ್ನು ಇವರು ಬಿಡಬೇಕಿಲ್ಲ. ಹಂಡೆಯ ಕುದಿನೀರಿನ ಬದಲು ಉಗುರುಬೆಚ್ಚಗಿನ ನೀರು ಸಾಕು. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳದಿರುವುದು ಲೇಸು. ರೊಟ್ಟಿಯ ಕೆಲಸವನ್ನು ಮುಂಜಾನೆಗೆ ಹಾಕಿಕೊಳ್ಳಬಹುದು, ಮನೆಯ ಗಂಡಸರೂ ಕೈಹಚ್ಚಬಹುದು.

ಮನೆಯೊಳಗೆ ಸಣ್ಣ ಮಾರ್ಪಾಟುಗಳಿಂದ ಬಹಳ ಅನುಕೂಲವಾಗುತ್ತದೆ. ಮೆಟ್ಟಿಲುಗಳ ಅಂಚಿಗೆ ಹಳದಿ ಬಣ್ಣದ ಪಟ್ಟಿ ಎಳೆಯಿರಿ. ಹಾಲನ್ನು ಸ್ಟೀಲ್ ಲೋಟಕ್ಕಿಂತ ಗಾಢ ಬಣ್ಣದ ಲೋಟದಲ್ಲಿ ಕೊಡಿ. ಓದುವಾಗ ದೀಪ ಬೆನ್ನ ಹಿಂದಿನಿಂದ ಬರಲಿ, ಕಣ್ಣಿಗೆ ರಾಚದಿರಲಿ. ಎರಡು ಬಿಂಬ ಕಾಡಿದಾಗ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಬಹುದು. ಬಹುಕಾಲ ಉಳಿದರೆ ಪ್ರಿಸಂ ಕನ್ನಡಕವಿದೆ. ಆ ದಿನಗಳಲ್ಲಿ ಬೈಕು, ಕಾರು ಮುಟ್ಟಲೇಬಾರದು. ಮೊಬೈಲಿನಲ್ಲಿ ಅಕ್ಷರ ಹಿಗ್ಗಿಸುವ, ಕನ್ನಡವನ್ನು ಓದಿ ಹೇಳುವ ಸೌಲಭ್ಯಗಳಿವೆ. ಮಕ್ಕಳಿಗೆ ಹೇಳಿದರೆ ಐದು ನಿಮಿಷದಲ್ಲಿ ಹೊಂದಿಸಿಕೊಡುತ್ತಾರೆ.

ಕಾನೂನಿನ ಆಸರೆಯೂ ಇದೆಯೆಂಬುದು ಅನೇಕರಿಗೆ ತಿಳಿಯದು. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆಗಳಷ್ಟೇ ಇದ್ದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವುಗಳನ್ನು 21ಕ್ಕೆ ಏರಿಸಿ, ಮಲ್ಟಿಪಲ್ ಸ್ಕ್ಲಿರೋಸಿಸನ್ನು ಹೆಸರಿಸಿಯೇ ಸೇರಿಸಿತು. ಶೇ. 40ಕ್ಕೆ ಕಡಿಮೆಯಿಲ್ಲದ ಪ್ರಮಾಣಪತ್ರವಿದ್ದರೆ ಉನ್ನತ ಶಿಕ್ಷಣದ ಮೀಸಲಾತಿಗೆ ದಾರಿಯಾಗುತ್ತದೆ. ಆದರೆ ದೃಷ್ಟಿಯ ಅಳತೆ ಇಂದಿಗೂ ಮುಖ್ಯವಾಗಿ ಅಕ್ಷರ ಫಲಕ ಮತ್ತು ನೋಟದ ವ್ಯಾಪ್ತಿಯ ಮೇಲೆಯೇ ನಿಂತಿದೆ. ಮುಂಜಾನೆಯ ತಂಪಿನಲ್ಲಿ ಪರೀಕ್ಷೆಗೆ ಕುಳಿತವರ ಮಧ್ಯಾಹ್ನದ ಕುರುಡು ಅದರಲ್ಲಿ ದಾಖಲಾಗುವುದಿಲ್ಲ. ಮಸುಕು ಅಕ್ಷರದ ಪರೀಕ್ಷೆ, ಎರಡು ಬಿಂಬದ ತೊಂದರೆ, ಶಾಖದಿಂದಾಗುವ ಏರುಪೇರು ಇವನ್ನೂ ವೈದ್ಯಕೀಯ ಮಂಡಳಿಗಳು ಗಣನೆಗೆ ತೆಗೆದುಕೊಳ್ಳಬೇಕೆಂಬುದು ನಮ್ಮ ಆಗ್ರಹ. ಅಲ್ಲಿಯವರೆಗೆ ರೋಗಿಗಳು ಕೇವಲ ದೃಷ್ಟಿದೋಷವೆಂದು ಅರ್ಜಿ ಹಾಕದೆ ನರಸಂಬಂಧಿ ದೀರ್ಘವ್ಯಾಧಿಯ ವರ್ಗದಲ್ಲಿ ಹಾಕುವುದು ಒಳಿತು. ಮಲ್ಟಿಪಲ್ ಸ್ಕ್ಲಿರೋಸಿಸ್ ಸೊಸೈಟಿ ಆಫ್ ಇಂಡಿಯಾದ ಬೆಂಗಳೂರು ಶಾಖೆಯಲ್ಲಿ ಇಂಥ ವಿಷಯಗಳಿಗೆ ಸಲಹೆ ಕೇಳಬಹುದು. ತಪಾಸಣೆಗೆ ಒಂದು ತಿಂಗಳು ಮುಂಚಿನಿಂದಲೇ ಯಾವ ದಿನ, ಎಷ್ಟು ಗಂಟೆಗೆ, ಏನು ಮಾಡುತ್ತಿದ್ದಾಗ, ಎಷ್ಟು ಹೊತ್ತು ನೋಟ ಮಂಕಾಯಿತೆಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬರೆಯಲಾಗದ ದಿನ ಮನೆಯವರು ಬರೆಯಬೇಕು. ಆ ಪುಸ್ತಕವನ್ನೂ ನರರೋಗ ತಜ್ಞರ ಪತ್ರವನ್ನೂ ಮಂಡಳಿಯ ಮುಂದಿಡಬೇಕು.