ತಿದ್ದಿದ ಗಾಡಿಗೆ ತಕ್ಕ ಬೆಲೆ

ಹೊಸ ವಸ್ತುವಿನ ಬೆಲೆಯನ್ನು ಅಂಗಡಿಯವನೇ ಹೇಳುತ್ತಾನೆ. ಹಳೆಯ ವಸ್ತುವಿನ ಬೆಲೆಯನ್ನಾದರೋ ಕೊಳ್ಳುವವನೂ ಮಾರುವವನೂ ಕೂಡಿಯೇ ಕಂಡುಹಿಡಿಯಬೇಕಾಗುತ್ತದೆ. ಆ ವಸ್ತುವನ್ನು ನಡುವೆ ಯಾರಾದರೂ ತಮ್ಮ ಮನಸ್ಸಿಗೆ ಬಂದಂತೆ ತಿದ್ದಿಸಿದ್ದರಂತೂ ಬೆಲೆಯ ಮಾತು ಜಗಳದ ಮಾತಾಗುವುದು ಅಪರೂಪವಲ್ಲ. ಹಳೆಯ ಕಾರು, ಮೋಟಾರ್ ಸೈಕಲ್ಲುಗಳ ಮೋಹವು ಪಟ್ಟಣಗಳನ್ನು ದಾಟಿ ಹಳ್ಳಿಗಳಿಗೂ ಹಬ್ಬಿರುವ ಈ ದಿನಗಳಲ್ಲಿ, ಇಂಥ ಗಾಡಿಗಳ ನ್ಯಾಯವಾದ ಬೆಲೆ ಯಾವುದೆಂಬುದು ಹವ್ಯಾಸಿಗಳ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ. ಅದು ಸಂಸಾರಗಳೊಳಗೂ ಕಾಲಿಟ್ಟಿದೆ.

ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ಒಂದು ಒಕ್ಕಲು ಮನೆತನವಿದೆಯೆಂದು ವಾಚಕರು ಭಾವಿಸಿಕೊಳ್ಳಲಿ. ಮನೆಯ ಯಜಮಾನನು 1968ರಲ್ಲಿ ಒಂದು ಜಾವಾ ಮೋಟಾರ್ ಸೈಕಲ್ಲನ್ನು ಕೊಂಡಿದ್ದನು. ಆತನು ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾಗಲು ಕುಳಿತಿದ್ದಾರೆ. ಎರೆಹೊಲವೂ ಮನೆಯೂ ಹಿರಿಯರ ಮಾತಿನಂತೆ ತಕರಾರಿಲ್ಲದೆ ಹಂಚಿಹೋದವು. ಗಾಡಿಯ ಹತ್ತಿರ ಬಂದು ಮಾತು ನಿಂತುಬಿಟ್ಟಿತು. ಊರಲ್ಲೇ ಉಳಿದ ಅಣ್ಣನು ವರ್ಷಗಟ್ಟಲೆ ಮೂಲೆಗೆ ಬಿದ್ದಿದ್ದ ಗಾಡಿಯನ್ನು ಈಚೆಗೆ ಬೆಳಗಾವಿಗೆ ಒಯ್ದು, ಮಗನ ಆಸೆಗೆಂದು ಹೊಸ ಚಂದದಲ್ಲಿ ಮಾಡಿಸಿ ತಂದಿದ್ದಾನೆ. “ಗಾಡಿಗೆ ಒಂದೂವರೆ ಲಕ್ಷ ಹಾಕೀನೋ ತಮ್ಮಾ, ಅದರ ಲೆಕ್ಕ ಹಿಡೀಬ್ಯಾಡೇನು?” ಎಂದು ಅವನು ಕೇಳುತ್ತಾನೆ. “ಅಪ್ಪನ ಗಾಡಿ ಕೊಯ್ಸಿ, ಮ್ಯಾಲೆ ಅದಕ್ಕ ರೊಕ್ಕಾನೂ ಕೇಳತಿಯೇನಣ್ಣಾ?” ಎಂದು ತಮ್ಮನು ತಿರುಗಿ ಕೇಳುತ್ತಾನೆ. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ಹುಡುಕುವುದೇ ಪಂಚರ ಕೆಲಸ.

ಈ ಗಾಡಿಗೆ ಬೆಲೆಯಾದರೂ ಏಕೆ ಬಂದಿತೆಂಬುದನ್ನು ಮೊದಲು ತಿಳಿಯಬೇಕು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರಖಾನೆಯು 1961ರಲ್ಲಿ, ಚೆಕೊಸ್ಲೊವಾಕಿಯದ ಮಾದರಿಯನ್ನು ಅನುಸರಿಸಿ, ಈ ಮೋಟಾರ್ ಸೈಕಲ್ಲುಗಳನ್ನು ತಯಾರಿಸತೊಡಗಿತು. 250 ಸಿ.ಸಿ.ಯ ಎರಡು ಹೊಡೆತದ ಇಂಜಿನು, ಅದರ ಎರಡು ಸೈಲೆನ್ಸರುಗಳು, ಕಿಕ್ ಹೊಡೆಯುವುದಕ್ಕೂ ಗೇರು ಬದಲಿಸುವುದಕ್ಕೂ ಇದ್ದ ಒಂದೇ ಸನ್ನೆ, ಇವು ಅದರ ಗುರುತುಗಳು. ಮುಂದೆ ಯೆಜ್ಡಿ ಎಂಬ ಹೆಸರು ತಾಳಿದ ಆ ಗಾಡಿಗಳ ತಯಾರಿಕೆ 1996ರಲ್ಲಿ ನಿಂತುಹೋಯಿತು. ಜಾವಾ ಹೆಸರು 2018ರಲ್ಲಿಯೂ ಯೆಜ್ಡಿ ಹೆಸರು 2022ರಲ್ಲಿಯೂ ಮರಳಿ ಪೇಟೆಗೆ ಬಂದವು, ನಿಜ. ಆದರೆ ಹೊಸವು ನಾಲ್ಕು ಹೊಡೆತದ ಬೇರೆಯೇ ಇಂಜಿನಿನವು. ಅವುಗಳ ಬಿಡಿಭಾಗಗಳಿಂದ ಹಳೆಯದರ ಇಂಜಿನನ್ನು ಸರಿಪಡಿಸುವಂತಿಲ್ಲ. ಹೀಗಾಗಿ ಮೂಲದ ಪ್ರತಿಯೊಂದು ಭಾಗವೂ ಎಣಿಕೆಯ ಸರಕಾಗಿದೆ.

ಇಂಥ ಗಾಡಿಯ ಬೆಲೆಗೆ ಸಿದ್ಧಪಟ್ಟಿ ದೊರೆಯದು. ವಿಮೆಯ ಲೆಕ್ಕದಲ್ಲಿ ವಾಹನದ ವಯಸ್ಸಿಗೆ ತಕ್ಕಂತೆ ಸವಕಳಿಯನ್ನು ಕಳೆಯುವ ಕ್ರಮವೊಂದಿದೆ. ನಾಲ್ಕು ವರ್ಷ ಕಳೆದ ವಾಹನಕ್ಕೆ ಅದು ನೂರಕ್ಕೆ 50ರಷ್ಟಾಗುತ್ತದೆ. ಐದು ವರ್ಷ ದಾಟಿದ ಮೇಲೆ ಪಟ್ಟಿಯೂ ಮುಗಿದು, ವಿಮೆಯವರೂ ಮಾಲಿಕನೂ ಒಪ್ಪಿದ್ದೇ ಮೌಲ್ಯವಾಗುತ್ತದೆ. ಆದ್ದರಿಂದ ಕಣ್ಣಿಟ್ಟು ನೋಡಿ ನಿರ್ಣಯಿಸುವ ಹಳೆಯ ವಿದ್ಯೆಗೇ ಮರಳಬೇಕು. ಆ ವಿದ್ಯೆಯು ಈ ಸೀಮೆಗೆ ಹೊಸದಲ್ಲ. ದನದ ಸಂತೆಯಲ್ಲಿ ಎತ್ತು ಕೊಳ್ಳುವ ರೈತನು ಕೋಡಿಗೆ ಬಳಿದ ಬಣ್ಣವನ್ನೂ ಕೊರಳ ಗೆಜ್ಜೆಯನ್ನೂ ನೋಡಿ ಬೆಲೆ ಕಟ್ಟುವುದಿಲ್ಲ. ಬಾಯಿ ತೆರೆದು ಹಲ್ಲು ಎಣಿಸುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲಷ್ಟೇ ದಲಾಲಿಯ ವಸ್ತ್ರದ ಮರೆಯಲ್ಲಿ ಬೆರಳು ಹಿಡಿಯುತ್ತಾನೆ. ಗಾಡಿಗೆ ಚಾಸಿಯ ಅಂಕಿ ಮತ್ತು ಇಂಜಿನಿನ ಅಂಕಿಗಳೇ ಹಲ್ಲುಗಳು. ಲೋಹದ ಮೇಲೆ ಒತ್ತಿದ ಈ ಎರಡು ಅಂಕಿಗಳು ಆರ್.ಸಿ. ಪುಸ್ತಕದೊಡನೆ ತಾಳೆಯಾಗದಿದ್ದರೆ ಮುಂದಿನ ಮಾತೇ ಬೇಡ.

ಅಂಕಿಗಳು ತಾಳೆಯಾದವೆನ್ನೋಣ. ಆಮೇಲೆ ಮಾಡಿಸಿದ ಕೆಲಸವನ್ನೆಲ್ಲ ಒಂದೇ ರಾಶಿಯಾಗಿ ನೋಡದೆ ಮೂರಾಗಿ ವಿಂಗಡಿಸಬೇಕು. ಮೊದಲನೆಯದು ದುರಸ್ತಿ: ಸಿಲಿಂಡರ್ ಬೋರ್ ಮಾಡಿಸುವುದು, ಬೇರಿಂಗು ಹಾಕಿಸುವುದು, ವೈರಿಂಗು, ಟಾಯರು. ಯಾರು ಕೊಂಡರೂ ತಪ್ಪದ ಖರ್ಚಿದು. ಎರಡನೆಯದು ಜೋಡಣೆ: ಬೇರೆ ಗಾಲಿ, ಬೇರೆ ಹ್ಯಾಂಡಲು, ಬೇರೆ ದೀಪ, ಬೇರೆ ಸೀಟು. ಪಾನಾ ಹಿಡಿದು ಬಿಚ್ಚಿದರೆ ಇವು ಕಳಚಿ ಬರುತ್ತವೆ. ತೆಗೆದಿಟ್ಟ ಮೂಲ ಭಾಗಗಳು ಅಟ್ಟದ ಮೇಲಿದ್ದರೆ ಗಾಡಿಯು ಒಂದೆರಡು ದಿನದಲ್ಲಿ ಮೊದಲಿನಂತಾದೀತು. ಮೂರನೆಯದು ಕೊಯ್ತ: ಚೌಕಟ್ಟಿನ ಹಿಂಭಾಗವನ್ನು ಕತ್ತರಿಸಿ ಮೋಟು ಮಾಡುವುದು, ಮಡ್‌ಗಾರ್ಡ್ ಕೊಯ್ಯುವುದು, ಬೇರೆ ಕಬ್ಬಿಣವನ್ನು ಬೆಸುಗೆ ಹಾಕುವುದು. ಇದು ಪಾನಾದಿಂದ ಹಿಂತಿರುಗಿ ಬಾರದು.

ತಿದ್ದುಪಡಿಯಿಂದ ಬೆಲೆ ಏರಿದ ಉದಾಹರಣೆಗಳೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇವೆ. ಅಮೇರಿಕದ ಕ್ಯಾಲಿಫೋರ್ನಿಯದಲ್ಲಿರುವ ಸಿಂಗರ್ ಎಂಬ ಸಂಸ್ಥೆಯು ಹಳೆಯ ಪೋರ್ಷೆ 911 ಸ್ಪೋರ್ಟ್ಸ್ ಕಾರುಗಳನ್ನು ಬುಡಮಟ್ಟ ಬಿಚ್ಚಿ ಹೊಸದಾಗಿ ಕಟ್ಟಿಕೊಡುತ್ತದೆ. ಅವು ಮೂಲ ಕಾರಿನ ಹಲವು ಪಟ್ಟು ಬೆಲೆಗೆ ಹೋಗುತ್ತವೆ. ಅಲ್ಲಿ ಜನ ಹಣ ಕೊಡುವುದು ಕಸುಬುದಾರನ ಹೆಸರಿಗೆ, ಮಾಡಿದ ಕೆಲಸಕ್ಕಿರುವ ದಾಖಲೆಗೆ. ಇನ್ನೊಂದು ಕಡೆ, 2022ರ ಮೇ ತಿಂಗಳಲ್ಲಿ 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕೂಪೆಯೊಂದು ಜರ್ಮನಿಯಲ್ಲಿ 13.5 ಕೋಟಿ ಯೂರೋಗಳಿಗೆ ಹರಾಜಾಯಿತು. ಅಂಥವು ಜಗತ್ತಿನಲ್ಲಿ ತಯಾರಾದದ್ದು ಎರಡೇ. ಮಾರಾಟವಾದದ್ದು, ತಯಾರಿಸಿದ ಕಂಪನಿಯೇ ಅಷ್ಟು ಕಾಲ ಕಾದಿಟ್ಟುಕೊಂಡಿದ್ದ ಕಾರು. ಕಸುಬಿನ ಹೆಸರಿಗೆ ಒಂದು ಬೆಲೆ, ಮೂಲ ರೂಪಕ್ಕೆ ಇನ್ನೊಂದು ಬೆಲೆ. ಎರಡೂ ಇಲ್ಲದ ತಿದ್ದುಪಡಿಗೆ ಮಾಡಿಸಿದವನ ಸಂತೋಷವೇ ಪ್ರತಿಫಲ. ಆ ಸಂತೋಷವನ್ನು ಕೊಳ್ಳುವವನ ತಲೆಗೆ ಕಟ್ಟಲಾಗದು.

ಕಾನೂನೂ ಇದೇ ಕಡೆಗೆ ವಾಲಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿಯ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. 2021ರ ಜುಲೈಯಲ್ಲಿ ಹೊರಟ ನಿಯಮಗಳು ಇನ್ನೂ ಮಹತ್ವದವು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಇರುವ ವಾಹನಗಳನ್ನು ‘ವಿಂಟೇಜ್’ ಎಂದು ಬೇರೆಯಾಗಿ ನೋಂದಾಯಿಸಲು ಅವು ಅವಕಾಶ ಕೊಟ್ಟವು. ಆದರೆ ಚಾಸಿ, ಮೈಕಟ್ಟು ಅಥವಾ ಇಂಜಿನನ್ನು ಮಾರ್ಪಡಿಸಿದ ವಾಹನಕ್ಕೆ ಆ ಮಾನ ಸಿಕ್ಕುವುದಿಲ್ಲ. 1968ರ ಗಾಡಿಗೆ ವಯಸ್ಸಿನ ಅರ್ಹತೆ ಇದೆ. ಅದನ್ನು ಕಳೆದದ್ದು ಕಟರ್ ಮಶಿನ್ನು.

ಈಗ ಮುನವಳ್ಳಿಯ ಲೆಕ್ಕಕ್ಕೆ ಬರಬಹುದು. ಅನುಕೂಲಕ್ಕಾಗಿ ಕೆಲವು ಅಂಕಿಗಳನ್ನು ಹಿಡಿಯೋಣ. ಮೂಲ ರೂಪದಲ್ಲಿದ್ದು ಚೆನ್ನಾಗಿ ಓಡುವ ಇಂಥದೇ ಗಾಡಿಗೆ ಪೇಟೆಯಲ್ಲಿ 2,00,000 ರೂಪಾಯಿ ಇದೆಯೆನ್ನೋಣ. ಅಣ್ಣನು ಹಾಕಿದ 1,50,000ದಲ್ಲಿ ದುರಸ್ತಿಗೆ 60,000, ಜೋಡಣೆಗೆ 50,000, ಕೊಯ್ತಕ್ಕೂ ಬಣ್ಣಕ್ಕೂ 40,000. ಚೌಕಟ್ಟು, ಮಡ್‌ಗಾರ್ಡು, ಬಣ್ಣಗಳನ್ನು ಮರಳಿ ಮೊದಲಿನಂತೆ ಮಾಡಿಸಲು 45,000 ಬೇಕು. ಒಮ್ಮೆ ಕೊಯ್ದ ಚೌಕಟ್ಟಿನ ಮೇಲೆ ಉಳಿಯುವ ಕುಂದಿಗೆ ಇನ್ನೊಂದು 25,000 ಕಳೆಯಬೇಕು. ಹೊರಗಿನವನಿಗೆ ಮಾರುವುದಾದರೆ ತಕ್ಕ ಬೆಲೆ 1,30,000. ದುರಸ್ತಿಯ ಹಣವನ್ನು ಇದರ ಮೇಲೆ ಕೂಡಿಸುವಂತಿಲ್ಲ. ‘ಚೆನ್ನಾಗಿ ಓಡುವ ಗಾಡಿ’ ಎಂದಾಗಲೇ ಅದು 2,00,000ದೊಳಗೆ ಸೇರಿಹೋಗಿದೆ.

ಅಣ್ಣತಮ್ಮಂದಿರ ನಡುವಿನ ಲೆಕ್ಕ ಬೇರೆ. ಗಾಡಿಯನ್ನು ಅಣ್ಣನೇ ಇಟ್ಟುಕೊಳ್ಳುತ್ತಾನೆ. ಅವನ ಲೆಕ್ಕದಂತೆ 2,00,000ದಲ್ಲಿ ಖರ್ಚೆಲ್ಲವನ್ನೂ ಕಳೆದರೆ ತಮ್ಮನಿಗೆ ಬರುವುದು 25,000. ತಮ್ಮನ ಲೆಕ್ಕದಂತೆ ಅವನಿಗೆ 1,00,000 ಬರಬೇಕು. ನ್ಯಾಯವು ನಡುವೆ ಇದೆ, ಆದರೆ ಸರಿ ನಡುವೆ ಅಲ್ಲ. ದುರಸ್ತಿಯು ಇಬ್ಬರ ಆಸ್ತಿಯನ್ನೂ ಉಳಿಸಿತು. ಆ 60,000ವನ್ನು ಮೊದಲು ಅಣ್ಣನಿಗೆ ಮುರಿದುಕೊಡಬೇಕು. ಜೋಡಿಸಿದ ಸಾಮಾನುಗಳು ಅವನವೇ, ಬಿಚ್ಚಿಕೊಳ್ಳಲಿ, ಇಟ್ಟುಕೊಳ್ಳಲಿ. ಕೊಯ್ತವನ್ನು ತಮ್ಮನನ್ನು ಕೇಳದೆ ಮಾಡಿಸಿದ್ದರಿಂದ ಅದರ ಖರ್ಚೂ ನಷ್ಟವೂ ಅಣ್ಣನ ತಲೆಯ ಮೇಲೆಯೇ. ಉಳಿದ 1,40,000ದಲ್ಲಿ ಅರ್ಧ, ಅಂದರೆ 70,000, ತಮ್ಮನ ಪಾಲು.

ಈ ತೀರ್ಪಿನಿಂದ ಅಣ್ಣನಿಗೆ ತನ್ನ ದುಡ್ಡೆಲ್ಲ ಮರಳಿತೆನಿಸದು. ತಮ್ಮನಿಗೆ ತಂದೆಯ ಗಾಡಿ ಮೊದಲಿನಂತೆ ಮರಳಿತೆನಿಸದು. ಆದರೆ ಯಾವ ಕೆಲಸಕ್ಕೆ ಯಾರು ಹೊಣೆ ಎಂಬುದು ಇಬ್ಬರಿಗೂ ಕಾಣುವುದರಿಂದ ಮನೆಯ ಬಾಗಿಲು ಮುಚ್ಚಿಹೋಗದು. ಇನ್ನು ಮನೆಯಲ್ಲಿ ಹಳೆಯ ಗಾಡಿಯಿದ್ದು, ಅದನ್ನು ತಿದ್ದಿಸುವ ಹುಮ್ಮಸ್ಸುಳ್ಳ ತರುಣರಿಗೆ ಹೇಳತಕ್ಕದ್ದು ಇಷ್ಟೆ: ಬಿಚ್ಚುವುದನ್ನು ಬಿಚ್ಚಿರಿ, ಬಿಚ್ಚಿದ್ದನ್ನು ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿರಿ, ಮಿಸ್ತ್ರಿಯ ಪಾವತಿಗಳನ್ನು ಆರ್.ಸಿ. ಪುಸ್ತಕದ ಜೊತೆಗಿಡಿರಿ. ಕೊಯ್ಸುವ ಮುನ್ನ ಮಾತ್ರ, ಆ ಗಾಡಿಯ ಮೇಲೆ ಹಕ್ಕುಳ್ಳವರನ್ನೆಲ್ಲ ಒಂದು ಮಾತು ಕೇಳಿರಿ.