ನೋಡಿದ್ದನ್ನೇ ನೋಡುವ ಸುಖ

ಭಾನುವಾರ ಮಧ್ಯಾಹ್ನದ ಊಟ ಮುಗಿದಿದೆ. ಮನೆಯ ಯಜಮಾನರು ಬೀರುವಿನ ಕೆಳಗಿನ ಅರೆಯಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಹೊರತೆಗೆಯುತ್ತಾರೆ. ಅದರ ತುಂಬ ಹಳೆಯ ವಿಡಿಯೋ ಕ್ಯಾಸೆಟ್ಟುಗಳು, ಸಿ.ಡಿ.ಗಳು. “ಮತ್ತೆ ಅದೇ ಚಿತ್ರವೇ? ಕಥೆಯೆಲ್ಲ ಬಾಯಿಪಾಠವಾಗಿದೆಯಲ್ಲ ನಿಮಗೆ!” ಎಂದು ಗೃಹಿಣಿ ನಗುತ್ತಾರೆ, ನಗುತ್ತಲೇ ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ.

ಗೊತ್ತಿರುವ ಕಥೆಯನ್ನು ಮತ್ತೆ ನೋಡುವುದೇಕೆ? ಹರಿಕಥೆಗೆ ಹೋಗುವವರನ್ನು ಯಾರೂ ಹೀಗೆ ಕೇಳಿದವರಲ್ಲ. ಸೀತೆ ಮರಳಿ ದೊರೆಯುವಳೆಂಬುದನ್ನು ಬಲ್ಲ ಜನರೇ ಅಶೋಕವನದ ಪ್ರಸಂಗಕ್ಕೆ ಕಣ್ಣೊರೆಸಿಕೊಂಡರು. ಮುಂದೇನಾಗುವುದೋ ಎಂಬ ಕಾತರ ಅಡಗಿದ ಮೇಲೆಯೇ ಮನಸ್ಸು ಮಾತಿನ ಬೆಡಗನ್ನು, ಮುಖದ ಭಾವವನ್ನು ಸಾವಧಾನವಾಗಿ ಸವಿಯಬಲ್ಲದು.

ಇನ್ನೊಂದು ಸೋಜಿಗವೂ ಉಂಟು. ಚಿತ್ರ ಬದಲಾಗದು, ನೋಡುವವನು ಬದಲಾಗುತ್ತಾನೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ 1980ರ ದಶಕದಲ್ಲಿ ದೂರದರ್ಶನದಲ್ಲಿ ಮೂಡಿಬಂದಾಗ ಮಕ್ಕಳೆಲ್ಲರೂ ಸ್ವಾಮಿಯ ಪಕ್ಷ. ಗಿರೀಶ ಕಾರ್ನಾಡರು ಅಭಿನಯಿಸಿದ ತಂದೆಯೆಂದರೆ ಅವರಿಗೆ ಅಂಜಿಕೆ. ಆ ಮಕ್ಕಳೇ ಇಂದು ತಂದೆತಾಯಿಯರು. ಈಗ ನೋಡಿದರೆ ಆ ತಂದೆಯ ಗದರಿಕೆಯ ಹಿಂದಿನ ಆತಂಕ ಅವರಿಗೆ ಅರ್ಥವಾಗುತ್ತದೆ. 1990ರಲ್ಲಿ, 36 ತುಂಬುವ ಮೊದಲೇ, ಶಂಕರ್ ನಾಗ್ ಅಪಘಾತದಲ್ಲಿ ತೀರಿಕೊಂಡರೆಂಬ ನೆನಪು ಸೇರಿ, ಹಾಸ್ಯದ ಸನ್ನಿವೇಶವೂ ಒಮ್ಮೊಮ್ಮೆ ಗಂಟಲು ಬಿಗಿಯುವಂತೆ ಮಾಡುತ್ತದೆ.

ಇಷ್ಟೆಲ್ಲ ಸುಖವನ್ನು ಹೊತ್ತ ಆ ಪೆಟ್ಟಿಗೆಯಾದರೋ ಮೆಲ್ಲಮೆಲ್ಲನೆ ಸವೆಯುತ್ತಿದೆ. ಕ್ಯಾಸೆಟ್ಟಿನ ಪಟ್ಟಿಯೆಂದರೆ ತೆಳುವಾದ ಪ್ಲಾಸ್ಟಿಕ್ಕಿನ ಮೇಲೆ ಅಂಟಿನಿಂದ ಹಿಡಿದಿಟ್ಟ ಕಾಂತೀಯ ಪುಡಿ. ತೇವಾಂಶಕ್ಕೆ ಆ ಅಂಟು ಸಡಿಲಗೊಳ್ಳುತ್ತದೆ. ಮಳೆಗಾಲದ ತಂಪಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಪಟ್ಟಿಯನ್ನು ಓಡಿಸಿದರೆ ಯಂತ್ರವೂ ಕೆಡುವುದು. ಹೊಸ ಯಂತ್ರವನ್ನು ಕೊಳ್ಳೋಣವೆಂದರೆ, ಕೊನೆಯವರೆಗೂ ಅದನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆಯೂ 2016ರಲ್ಲಿ ಕೈಬಿಟ್ಟಿತು.

ಕಳೆದುಹೋದರೆ ಏನಾದೀತೆಂಬುದಕ್ಕೆ ಉದಾಹರಣೆ ದೂರವಿಲ್ಲ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಉಳಿಸಿದರೆ ಏನಾದೀತೆಂಬುದಕ್ಕೆ ಇಂಗ್ಲೆಂಡಿನ ನಿದರ್ಶನವಿದೆ. 1960ರ ದಶಕದ ‘ಡಾಕ್ಟರ್ ಹೂ’ ಧಾರಾವಾಹಿಯ ಅನೇಕ ಕಂತುಗಳನ್ನು ಬಿ.ಬಿ.ಸಿ. ಸಂಸ್ಥೆಯೇ ಅಳಿಸಿಹಾಕಿತ್ತು. ಆದರೆ ಕೆಲವು ಪ್ರೇಕ್ಷಕರು ಟೇಪ್ ರೆಕಾರ್ಡರನ್ನು ಟೆಲಿವಿಷನ್ನಿನ ಬಳಿಯಿಟ್ಟು ಮನೆಯಲ್ಲೇ ಧ್ವನಿಮುದ್ರಣ ಮಾಡಿಕೊಂಡಿದ್ದರು. ಚಿತ್ರ ಹೋದರೂ ಆ ಕಂತುಗಳ ಧ್ವನಿ ಉಳಿದದ್ದು ಅವರಿಂದ.

ಆದ್ದರಿಂದ ಪೆಟ್ಟಿಗೆಯನ್ನು ಒಮ್ಮೆ ಪೂರ್ತಿ ಬರಿದುಮಾಡಿ ನೋಡುವುದು ಒಳಿತು. ಕ್ಯಾಸೆಟ್ಟುಗಳನ್ನು ಪೂರ್ತಿ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಒಣಗಿದ ತಂಪು ಜಾಗದಲ್ಲಿಡಬೇಕು. ಸಿ.ಡಿ.ಯನ್ನು ಅಂಚಿನಲ್ಲಿ ಹಿಡಿದು, ನಡುವಿನಿಂದ ಹೊರಕ್ಕೆ ನೇರವಾಗಿ ಒರೆಸಬೇಕು. ತಟ್ಟೆ ತೊಳೆದಂತೆ ಸುತ್ತಲೂ ಉಜ್ಜಬಾರದು. ಯಾವುದನ್ನು ಮೊದಲು ಗಣಕಯಂತ್ರಕ್ಕೆ ಇಳಿಸಬೇಕೆಂಬುದಕ್ಕೂ ಒಂದು ಕ್ರಮವುಂಟು. ‘ಬೇಡರ ಕಣ್ಣಪ್ಪ’, ‘ಕಸ್ತೂರಿ ನಿವಾಸ’ಗಳು ಬೇರೆಡೆಯೂ ದೊರೆಯುತ್ತವೆ, ಅವು ಕಾಯಬಲ್ಲವು.

ಕಾಯಲಾರದ್ದು ಪೆಟ್ಟಿಗೆಯ ತಳದಲ್ಲಿ, ಹೆಸರುಚೀಟಿ ಉದುರಿದ ಕ್ಯಾಸೆಟ್ಟಿನಲ್ಲಿರುತ್ತದೆ. ಅದು ಮನೆಯ ಮದುವೆಯದು. ಅಲ್ಲಿ ಅಜ್ಜಿ ಆರತಿಯ ತಟ್ಟೆ ಹಿಡಿದು ಯಾರನ್ನೋ ಗದರುತ್ತಿರುತ್ತಾರೆ. ಈಗಿಲ್ಲದ ಸೋದರಮಾವ ಪಂಕ್ತಿಯ ನಡುವೆ ಬಗ್ಗಿ, “ಇನ್ನೊಂದು ಹೋಳಿಗೆ, ನಾಚಿಕೆ ಬೇಡ” ಎನ್ನುತ್ತಿರುತ್ತಾರೆ. ಅದರ ಎರಡನೆಯ ಪ್ರತಿ ಯಾವ ಅಂಗಡಿಯಲ್ಲೂ ಇಲ್ಲ, ಯಾವ ಭಂಡಾರದಲ್ಲೂ ಇಲ್ಲ.

ಭಾನುವಾರದ ಸಿನಿಮಾ ಮುಂದಿನ ವಾರಕ್ಕಿರಲಿ. ಮೊದಲು ಅಜ್ಜಿಯ ದನಿ ಉಳಿಯಲಿ.