ಅಂಡಾಶಯದ ಕ್ಯಾನ್ಸರ್: ಒಂದೇ ಸೂಚಕ ಸಾಲದು

ಅಂಡಾಶಯದ ಕ್ಯಾನ್ಸರ್ ಹೊಟ್ಟೆಯುಬ್ಬರ, ಬೇಗ ಹೊಟ್ಟೆ ತುಂಬಿದಂತಾಗುವುದು ಮುಂತಾದ ಸಾಮಾನ್ಯ ತೊಂದರೆಗಳ ಮರೆಯಲ್ಲಿ ಬೆಳೆಯುವುದರಿಂದ, ಬಹುಪಾಲು ಮಹಿಳೆಯರಲ್ಲಿ ಅದು ಪತ್ತೆಯಾಗುವುದು ಕಿಬ್ಬೊಟ್ಟೆಯನ್ನು ದಾಟಿ ಹರಡಿದ ಮೇಲೆಯೇ. 1981ರಲ್ಲಿ ರಾಬರ್ಟ್ ಬಾಸ್ಟ್ ಮತ್ತು ಸಂಗಡಿಗರು ಗುರುತಿಸಿದ ಸಿಎ-125 ಎಂಬ ಪ್ರೋಟೀನು ಈ ರೋಗದ ಜೈವಿಕ ಸೂಚಕವಾಗಿ, ಎಂದರೆ ರಕ್ತದಲ್ಲಿ ಅಳೆಯಬಹುದಾದ ಗುರುತಾಗಿ, ಬಳಕೆಯಲ್ಲಿದೆ. ಆದರೆ ಆರಂಭಿಕ ಹಂತದ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಅದು ಏರುವುದೇ ಇಲ್ಲ, ಮತ್ತೊಂದೆಡೆ ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಲ್ಲಿಯೂ, ನಮ್ಮ ದೇಶದಲ್ಲಿ ಅಪರೂಪವಲ್ಲದ ಹೊಟ್ಟೆಯ ಕ್ಷಯದಲ್ಲಿಯೂ ಏರಿ ದಾರಿ ತಪ್ಪಿಸುತ್ತದೆ.

ಎಂಡೊಮೆಟ್ರಿಯೋಸಿಸ್‌ನಲ್ಲಿ ಸಾಮಾನ್ಯವಾಗಿ ಏರದ, ಆದರೆ ಮೂತ್ರಪಿಂಡ ಸೋತವರಲ್ಲಿ ಏರುವ ಎಚ್‌ಇ4 ಎಂಬ ಇನ್ನೊಂದು ಪ್ರೋಟೀನನ್ನು ಸಿಎ-125ರೊಡನೆ ಅಳೆದು, ಮುಟ್ಟು ನಿಂತಿದೆಯೋ ಇಲ್ಲವೋ ಎಂಬುದನ್ನೂ ಸೇರಿಸಿ ಅಪಾಯವನ್ನು ಲೆಕ್ಕಹಾಕುವ ‘ರೋಮಾ’ ವಿಧಾನಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2011ರಲ್ಲಿ ಅನುಮತಿ ನೀಡಿತು. ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುವ ಈ ಜೋಡಣೆ ಸ್ವಾಗತಾರ್ಹವಾದರೂ, ಅದು ಅಂಡಾಶಯದಲ್ಲಿ ಗಡ್ಡೆ ಈಗಾಗಲೇ ಕಂಡಿರುವವರನ್ನು ಕ್ಯಾನ್ಸರ್ ಶಸ್ತ್ರಚಿಕಿತ್ಸಾ ತಜ್ಞರ ಬಳಿಗೆ ಕಳುಹಿಸಬೇಕೇ ಎಂದು ತೀರ್ಮಾನಿಸಲು ನೆರವಾಗುವ ಪರೀಕ್ಷೆಯೇ ಹೊರತು ಆರೋಗ್ಯವಂತರ ತಪಾಸಣೆಯಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವು, ಸಿಎ-125 ಆಧರಿಸಿದ ಸಾಮೂಹಿಕ ತಪಾಸಣೆಯಿಂದ ಈ ರೋಗದ ಸಾವುಗಳು ಕಡಿಮೆಯಾಗಲಿಲ್ಲವೆಂದು 2021ರಲ್ಲಿ ವರದಿ ಮಾಡಿತು. ಆದ್ದರಿಂದ ಲಕ್ಷಣಗಳಿಲ್ಲದವರಿಗೂ ಈ ಪರೀಕ್ಷೆಗಳನ್ನು ಆರೋಗ್ಯ ಪ್ಯಾಕೇಜ್‌ಗಳಲ್ಲಿ ಸೇರಿಸಿ ಮಾರುವುದು ತಪ್ಪು. ಕೆಲವು ವಾರಗಳಿಂದ ಹೊಟ್ಟೆಯುಬ್ಬರ ಬಿಡದೆ ಕಾಡುತ್ತಿರುವ ಮಹಿಳೆಯರು ತಡಮಾಡದೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು.